ಹೊಟ್ಟೆಗೆ ಹೆಪ್ಪು

ನಸುಕಿಗೆ ಹನ್ನೊಂದು ಹಸು ಕರೆದು
ಸೌನಾದ ಮುಂಗೋಣೆಯಲ್ಲಿ ಬಟ್ಟೆ ಕಳಚುತ್ತೇನೆ.
ಮೊಣಕೈವರೆಗೂ ಸೋಪು, ಮತ್ತೆ ಸೋಪು.
ಉಗುರುಸಂದಿಯಲ್ಲಿ ಒಂದು ಹನಿ ಹಾಲು ಉಳಿದರೂ
ಓಯ್ವನ ಕೆನ್ನೆ ಕೆಂಡ.

ಐದು ತಿಂಗಳ ಕೂಸು.
ಮೊಣಕಾಲ ಹಿಂದೆ, ಕಿವಿಯ ಬುಡದಲ್ಲಿ
ತೊಗಲು ಬಿರಿದು ಒಸರುತ್ತದೆ.
ರಾತ್ರಿ ಕೈಗೆ ಹತ್ತಿಯ ಚೀಲ ಕಟ್ಟಿದರೆ
ಚೀಲದೊಳಗಿಂದಲೇ ಕೆರೆಯುತ್ತಾನೆ,
ಹೊರಗುಳಿದ ಬೆಕ್ಕು ಬಾಗಿಲು ಕೆರೆದ ಹಾಗೆ.

‘ಹಾಲು’ ಎಂದರು ಕುವೋಪಿಯೊದ ಡಾಕ್ಟರು
ಕಾಗದದಿಂದ ಕಣ್ಣೆತ್ತದೆ.
ನಾಲ್ಕು ತಲೆಮಾರು ಹಾಲಿನಿಂದಲೇ ಉಂಡುಟ್ಟ ಮನೆಗೆ
ಒಂದೇ ಪದ.
ಮೊಲೆಯೂಡುವ ನನಗೂ ಪಥ್ಯ. ಬೆಣ್ಣೆಯಿಲ್ಲ.
ಮನ್ಸಿಕ್ಕಿ ಈದಾಗ ಗಿಣ್ಣು ಒಲೆಯಲ್ಲಿ ಕೆಂಪಗೆ ಉಬ್ಬಿತು,
ನಾನು ಹೊರಗೆ ಹೋಗಿ ಹಿಮ ಗೋರಿದೆ.

ಆಮೇಲೆ ನರ್ಸ್ ಹೆಲ್ಕಾ ಕೊಟ್ಟಳು
ನೂರೆಂಬತ್ತು ಪೊಟ್ಟಣ.
ಅರ್ಧ ಮಕ್ಕಳಿಗೆ ಜೀವಾಣು,
ಚಿಟಿಕೆಗೆ ಸಾವಿರ ಕೋಟಿ;
ಇನ್ನರ್ಧಕ್ಕೆ ಬರೀ ಮರದ ನಾರಿನ ಪುಡಿ.
ಯಾರಿಗೆ ಯಾವುದು?
‘ನನಗೂ ಹೇಳಿಲ್ಲ’ ಎಂದಳು.

ಅತ್ತೆ ತ್ಯೂನೆ ನಕ್ಕಳು:
‘ಹೆಪ್ಪಿಗೆ ಇಷ್ಟೊಂದು ಬೀಗಮುದ್ರೆಯೇ?
ಕರೇಲಿಯಾ ಬಿಟ್ಟು ಓಡುವಾಗ ನಮ್ಮವ್ವ
ವೀಲಿಯ ಹೆಪ್ಪನ್ನು ನಾರುಬಟ್ಟೆಗೆ ಸವರಿ, ಒಣಗಿಸಿ,
ಎದೆಯೊಳಗಿಟ್ಟು ತಂದಳು.
ಮನೆ ಅಲ್ಲೇ ಉಳಿಯಿತು. ಗಡಿಯಾರವೂ.
ಹೆಪ್ಪು ಬಂತು.’
ಆ ಬಟ್ಟಲು ಇವತ್ತಿಗೂ ಅವಳ ಕಿಟಕಿಯಲ್ಲಿದೆ.
ನಮ್ಮ ಓಯ್ವ ಮಾತ್ರ ಅದರ ಹತ್ತಿರ ಸುಳಿಯುವಂತಿಲ್ಲ.

ದಿನಾ ಒಂದು ಪೊಟ್ಟಣ ಎದೆಹಾಲಿಗೆ ಕಲಸಿ
ಹನಿಹನಿಯಾಗಿ ಬಾಯಿಗೆ.
ಮರವೋ ಜೀವವೋ, ಬಣ್ಣ ಒಂದೇ.
ಒಳಗೆ ಹೋಗಿ ನೆಲೆಸಿಕೋ ಎಂದು
ಬಾಡಿಗೆಗೆ ಬಂದವರನ್ನು ಕರೆವಂತೆ ಕರೆದೆ.
ನಾಚಿಕೆಯಾಯಿತು. ಮರುದಿನವೂ ಕರೆದೆ.

ಹಿಮ ಕರಗಿತು. ಕೆರೆತ ನಿಲ್ಲಲಿಲ್ಲ.
ಎರಡನೆಯ ಬೇಸಿಗೆ, ಯಾಕೋ,
ಮೊಣಕಾಲ ಮಡಿಕೆ ತಣ್ಣಗಾಯಿತು.
ಇದೇ ಪೊಟ್ಟಣ ತಿಂದ ಪಕ್ಕದೂರ ಹುಡುಗಿ
ಈಗಲೂ ರಾತ್ರಿಯೆಲ್ಲ ಅಳುತ್ತಾಳಂತೆ.

ಲಕೋಟೆ ಬಂದದ್ದು ಆಲೂಗಡ್ಡೆ ಅಗೆವ ದಿನ.
ಮಣ್ಣುಗೈಯಲ್ಲೇ ಒಡೆದೆ.
ಮರದ ಪುಡಿ.
ತ್ಯೂನೆಗೆ ಕೂಗಿ ಹೇಳಿದೆ.
ಅವಳು ಬಾಗಿದ ಸೊಂಟ ಎತ್ತದೆಯೇ ಕೇಳಿದಳು:
‘ನಮ್ಮ ಕಾಡಿನದ್ದೇನು?’

ಮುಂದಿನ ವಾರ, ಆಸ್ಪತ್ರೆಯಲ್ಲಿ,
ಸೂಜಿಮದ್ದು ಸಿದ್ಧವಿಟ್ಟುಕೊಂಡು ಹೆಲ್ಕಾ
ಒಂದು ಚಮಚೆ ಹಾಲು ಕುಡಿಸಿದಳು.
ಕಾಲು ಗಂಟೆ. ಅರ್ಧ ಗಂಟೆ.
ಕೆನ್ನೆ ಕೆಂಪಾಗಲಿಲ್ಲ.
ಎರಡನೆಯ ಚಮಚೆಗೆ ಓಯ್ವ ಮುಖ ಕಿವುಚಿ
ನನ್ನ ಒಳ್ಳೆಯ ಅಂಗಿಯ ಮೇಲೆ ಉಗಿದ.
ರುಚಿಸಲಿಲ್ಲವಂತೆ.