ಮೊದಲು ಹೆಸರು

"ಮೊದಲು ಹೆಸರು" ಅಂದಳು ಸಫೂರ,
ಅಕ್ಷಯ ಕೇಂದ್ರದ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ.
ಹೆಸರು ಉಂಟಲ್ಲ ಮಾರಾಯ್ತಿ: ದೂಮಣ್ಣ,
ಕುಂಬಳೆ ಪೇಟೆಯಲ್ಲಿ ಬೋರ್ಡು ಬರೆಯುವವ.
"ಅದಲ್ಲ. ಲೋಕದಲ್ಲಿ ಇನ್ನೊಬ್ಬರು ಹಿಡಿಯದ ಹೆಸರು.
ನಡುವೆ ಜಾಗ ಬಿಡುವ ಹಾಗಿಲ್ಲ.
ವರ್ಷಕ್ಕೊಮ್ಮೆ ಬಾಡಿಗೆ."

ಹೆಸರಿಗೆ ಬಾಡಿಗೆ!
ಅಂಗಡಿಗೆ ಕೊಟ್ಟದ್ದುಂಟು, ಏಣಿಗೆ ಕೊಟ್ಟದ್ದುಂಟು.
ಕೊಡದಿದ್ದರೆ?
"ಬೇರೆ ಯಾರಾದರೂ ತಕ್ಕೊಳ್ಳುತ್ತಾರೆ."
ಆಗ ತಲೆಗೆ ಹೋಯಿತು.
ಓಟು ಬರುವ ಮೊದಲು, ರಾತ್ರಿ ಎರಡು ಗಂಟೆಗೆ
ಪಾರ್ಟಿಯವರು ನನ್ನನ್ನು ಎಬ್ಬಿಸಿ ಕರಕೊಂಡು ಹೋಗಿ
ಯಾರದ್ದೋ ಕಾಂಪೌಂಡಿಗೆ ಸುಣ್ಣ ಬಳಿಸಿ
"ಬುಕ್ಡ್" ಎಂದು ಬರೆಸುತ್ತಿದ್ದರಲ್ಲ,
ಅದೇ ಇದು.

ಊರನ್ನೂ ಸೇರಿಸುವ, ಅಂದೆ.
ಯಾವ ಊರು?
ರೈಲಿನವರದ್ದು ಕುಂಬ್ಲ, ಪಂಚಾಯತಿನವರದ್ದು ಕುಂಬಳ,
ನಾನು ಕಲಿತ ಶಾಲೆಯದ್ದು ಕುಂಬಳೆ.
ನಲವತ್ತು ವರ್ಷ ಒಂದೇ ಹಲಗೆಯಲ್ಲಿ
ಎರಡು ಲಿಪಿ ಕೂರಿಸಿದ ಕೈ ಇದು.
ಳಕ್ಕೆ ಎತ್ವ ಇಟ್ಟರೂ ನಮ್ಮೂರು, ತೆಗೆದರೂ ನಮ್ಮೂರು,
ಬಸ್ಸು ನಿಲ್ಲುವುದು ಅದೇ ಕಂಬದ ಹತ್ತಿರ.
ಕುಂಬ್ಲ ಆರ್ಟ್ಸ್ ಯಾರೋ ಹಿಡಿದಾಗಿತ್ತು. ಕುಂಬಳವೂ.
ಕುಂಬಳೆ ಖಾಲಿ ಇತ್ತು.

"ಇನ್ನು ಜಾಗ."
ಎಲ್ಲಿ?
"ಎಲ್ಲೋ. ಮುಂಬಯಿ ಇರಬಹುದು, ಸಿಂಗಾಪುರ ಇರಬಹುದು,
ಕರೆಂಟು ಹೋಗದ ಒಂದು ಕೋಣೆ.
ನೀವು ಬರೆದದ್ದೆಲ್ಲ ಅಲ್ಲಿ ಇರುತ್ತದೆ."
ಅಂದರೆ ಗೋಡೆ ಬೇರೆಯವರದ್ದು, ಅಕ್ಷರ ನನ್ನದು.
ಇಷ್ಟು ದಿನ ಮತ್ತೆಂತ ಇತ್ತು?

"ಮೇಲೆ ಈ ಸಣ್ಣ ಬೀಗ ಕಾಣಬೇಕು,
ಇಲ್ಲದಿದ್ದರೆ ಜನ ಒಳಗೆ ಬರಲು ಹೆದರುತ್ತಾರೆ."
ಬೀಗ ಕಂಡರೆ ತಿರುಗಿ ಹೋಗುವ ಜನ ನಮ್ಮದು!
ಇರಲಿ, ಹಾಕು.
ಗುಟ್ಟಿನ ಪದ ಕೇಳಿತು, ಎಂಟು ಅಕ್ಷರ.
ಯಾವ ಹಲಗೆಯಲ್ಲೂ ನಾನು ಬರೆಯದ ಒಂದು ಹೆಸರಿತ್ತು.
ಅವಳು ಆಚೆ ತಿರುಗಿ ಕೂತಳು.

ಆಮೇಲೆ ಹೂವಿನ ಅಂಚು ಹಾಕಿದಳು,
ಓಡುವ ಅಕ್ಷರ, ಮಿಣುಕುವ ನಕ್ಷತ್ರ.
ಅಳಿಸು, ಅಂದೆ.
ಮಂಗಳೂರಿನ ಬಸ್ಸು ನಿಲ್ಲದೆ ಹೋಗುವಾಗ
ಕಿಟಕಿಯಲ್ಲಿ ಕೂತವನ ಕಣ್ಣಿಗೆ ಸಿಗುವುದು ಮೂರೇ ಮಾತು:
ಎಂತ, ಯಾರು, ಎಲ್ಲಿ.
ಸುತ್ತ ನಾಲ್ಕು ಬೆರಳು ಬಿಡು, ಅಕ್ಷರ ಉಸಿರಾಡಲಿ.
ಹಳದಿಯ ಮೇಲೆ ಬಿಳಿ ಬರೆದು ಯಾರೂ ಉದ್ಧಾರ ಆಗಲಿಲ್ಲ.
ಕಲಿಸಲು ಕೂತವಳು
ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡಳು.

ಫೋಟೋ ಬೇಕಂತೆ.
ಅವಳ ಸ್ಕೂಟರಿನ ಹಿಂದೆ ಕೂತು ಹೊರಟೆ
ಆರಿಕ್ಕಾಡಿ, ಬಂದ್ಯೋಡು, ಮೊಗ್ರಾಲು,
ನನ್ನದೇ ಕೈ ಹುಡುಕಿಕೊಂಡು.
ಫ್ಲೆಕ್ಸಿನ ಅಡಿಯಿಂದ ಒಂದು ದೀರ್ಘ ಇಣುಕುತ್ತಿತ್ತು.
ಕ್ಷೌರದಂಗಡಿಯ ಕತ್ತರಿಗೆ ಇನ್ನೂ ಹೊಳಪಿತ್ತು.
ಶಿರಿಯದ ಹೊಯ್ಗೆಯಲ್ಲಿ ಮಗುಚಿದ ದೋಣಿ,
ಹೆಸರು ತಲೆಕೆಳಗೆ. ಅವಳು ಫೋನನ್ನೇ ತಿರುಗಿಸಿ ಹಿಡಿದಳು.
ಒಟ್ಟು ಹನ್ನೊಂದು ಸಿಕ್ಕಿತು.
ಸಾವಿರ ಬರೆದಿರಬೇಕು.

ಅದರಲ್ಲೊಂದು ಮುಚ್ಚಿದ ಮೆಡಿಕಲ್ ಶಾಪು:
"ಔಷದ".
ಅವತ್ತು ಜ್ವರ ಇತ್ತು ನನಗೆ. ಹೊಟ್ಟೆ ಸೀಳುವುದು ಮರೆತೆ.
ಶಾಲೆಯ ಮಕ್ಕಳು ವರ್ಷಗಟ್ಟಲೆ ನಕ್ಕರು,
ಯಜಮಾನ ಕೊನೆಯವರೆಗೂ ಒಂದು ಮಾತು ಆಡಲಿಲ್ಲ.
"ಸರಿ ಮಾಡಬಹುದು, ಒಂದು ನಿಮಿಷ" ಅಂದಳು,
ಬೆರಳು ಇಲಿಯ ಮೇಲಿಟ್ಟು.
ಬೇಡ. ಅದು ಹಾಗೇ ಇರಲಿ.

ಸಂಜೆ ಆರಕ್ಕೆ ತೆರೆಯಿತು.
ಬಂದು ಹೋದವರು ಮೂರು ಜನ:
ನಾನು, ಅವಳು,
ಅವಳ ಉಮ್ಮನ ಫೋನಿನಿಂದ ಪುನಃ ಅವಳೇ.
ರಾತ್ರಿ ನೋಡಿದರೆ ನಾಲ್ಕು.
ಯಾರೋ. ಓದಿದರೋ, ದಾಟಿದರೋ.
ಬೋರ್ಡಿನ ಅಡಿಯಲ್ಲಿ ನಿಂತು ನಾನು ಯಾರನ್ನೂ ಕೇಳಿದವನಲ್ಲ.

ಮುಂದಿನ ವರ್ಷ ಇದೇ ತಾರೀಕಿಗೆ ಬಾಡಿಗೆ.
ಬ್ರಷ್ಷಿನ ಪೆಟ್ಟಿಗೆಯ ಮುಚ್ಚಳದ ಒಳಬದಿ
ಕೆಂಪಿನಲ್ಲಿ ಬರೆದಿದ್ದೇನೆ.
ಒಣಗಲಿ ಅಂತ ತೆರೆದೇ ಇಟ್ಟಿದ್ದೇನೆ.