ಕೊಳಾಯಿ ಲೆಕ್ಕ

ಕಿಟಕಿ ಒಂದು ಗೇಣು ಅಗಲ, ಗೇಣೂವರೆ ಎತ್ತರ.
ಅದರಲ್ಲಿ ಕಾಸು ಒಳಗೆ ಬರುತ್ತದೆ,
ಗೋಡೆಯ ತೂತಿನ ರಬ್ಬರು ಕೊಳವೆಯಲ್ಲಿ
ನೀರು ಹೊರಗೆ ಹೋಗುತ್ತದೆ.
ಅಕ್ಟೋಬರಿನಿಂದ ಏಪ್ರಿಲ್‌ವರೆಗೆ
ಕಾಸಿನ ಜೊತೆ ಹೋಮ್‌ವರ್ಕೂ ಬರುತ್ತದೆ.

ಉಲಾನ್‌ಬಾತರಿನ ಬಡಗಣ ಗುಡ್ಡ ಇದು.
ಉಣ್ಣೆಯ ಗುಡಾರ, ಹಲಗೆಯ ಬೇಲಿ,
ನಡುವೆ ನನ್ನ ನೀರಿನ ಗೂಡಂಗಡಿ.
ಕೆಳಗೆ ಊರಿನಲ್ಲಿ ತಿರುಪಿದರೆ ನೀರು,
ಇಲ್ಲಿ ಲಾರಿ ಬಂದರೆ.

ಶುರುವಾದದ್ದು ಗಂತುಲ್ಗನ ಪೆನ್ನಿನಿಂದ.
ಚಳಿಗೆ ಮಸಿ ಕಟ್ಟಿತ್ತು.
‘ಸ್ವಲ್ಪ ಒಳಗಿಟ್ಟುಕೋ, ಎಮೀ’ ಎಂದು ತೂರಿಸಿದ.
(ಎಮೀ ಅಂದರೆ ಅಜ್ಜಿ. ನನಗೆ ಐವತ್ತೆಂಟೇ.
ಇರಲಿ.)
ಪೆನ್ನಿನ ಹಿಂದೆಯೇ ಪುಸ್ತಕ ಬಂತು.
ಹೀಟರಿನ ಮೇಲೆ ಮಸಿ ಕರಗುವಷ್ಟರಲ್ಲಿ
ಅವನ ಕಳೆಯುವ ಲೆಕ್ಕ ನೋಡಿದೆ:
ಪಕ್ಕದ ಮನೆಯಿಂದ ಸಾಲ ತಂದ ಹತ್ತನ್ನು
ಪೂರಾ ಮರೆತಿದ್ದಾನೆ.
‘ನೀನು ಮರೆತರೆ, ಕೊಟ್ಟವನು ಮರೆಯುತ್ತಾನೇನೋ?’
ಕಂಬಳಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ
ಲೆಕ್ಕ ಬರೆದವಳು ನಾನು,
ಅದು ಮುಚ್ಚಿದ ದಿನದ ಬಾಕಿಯೂ ನನ್ನದೇ ಅಕ್ಷರ.

ಆಮೇಲೆ ಒಬ್ಬೊಬ್ಬರೇ.
ನೀರು ಗಟ್ಟಿಯಾದರೆ ಹಿಗ್ಗುವುದೇಕೆ, ನಾಲ್ಕು ಅಂಕ.
ಪುಸ್ತಕದಲ್ಲಿದ್ದದ್ದು ಓದಿಸಿದೆ,
ಆಮೇಲೆ, ಹೋದ ವಾರ ಸೀಳಿದ
ನಿನ್ನ ಕ್ಯಾನು ಹೋಗಿ ನೋಡು ಎಂದೆ.
ಇಂಗ್ಲಿಷಿಗೆ ನಾನಿಲ್ಲ.
ಸಾಲಿನಲ್ಲಿ ನಿಂತ ಪುರೇವ್ ಹೇಳಿಕೊಡುತ್ತಾನೆ,
ಕೊರಿಯಾದಲ್ಲಿ ಆರು ವರ್ಷ ಟೈರು ಹೊತ್ತವನು.
ಅವನು ಹೇಳಿದ್ದು ಇಂಗ್ಲಿಷೋ ಕೊರಿಯನ್ನೋ
ಟೀಚರಿಗೇ ಗೊತ್ತು.

ಹಳೆಯ ಲಿಪಿ ಮಾತ್ರ ನಾನೇ ಅವರಿಂದ ಕಲಿಯುವುದು.
ಮೇಲಿಂದ ಕೆಳಕ್ಕೆ ಇಳಿಯುವ ಬರಹ,
ನನ್ನ ಕಾಲದ ಶಾಲೆಯಲ್ಲಿ ಇರಲಿಲ್ಲ.
ಗಾಜಿಗೆ ಹೊರಗಿನಿಂದ ಉಸಿರು ಊದಿ
ಉಗುರಿನಲ್ಲಿ ಗೀಚಿ ತೋರಿಸುತ್ತಾರೆ:
ಇದು ಅಕ್ಷರದ ಬೆನ್ನು, ಇದು ಅದರ ಹಲ್ಲು.
ಒಳಗಿರುವ ನನಗೆ ಎಲ್ಲ ತಿರುವುಮುರುವು.
ಹಾಗೇ ಕಲಿತುಬಿಟ್ಟಿದ್ದೇನೆ.
ನನ್ನ ಹೆಸರಿನ ಹಲ್ಲೆಲ್ಲ ಬಲಕ್ಕೆ.

ಮೊನ್ನೆ ಖುಲಾನ್ ಬಂದಳು. ಹನ್ನೊಂದು ವರ್ಷ,
ಗಾಡಿಯಲ್ಲಿ ಎರಡು ಕ್ಯಾನು, ಕೋಟಿನೊಳಗೆ ಗಣಿತ.
ಒಂದು ಕೊಳಾಯಿ ತೊಟ್ಟಿಯನ್ನು
ಆರು ಗಂಟೆಯಲ್ಲಿ ತುಂಬುತ್ತದೆ,
ತಳದ ಕೊಳಾಯಿ ಒಂಬತ್ತು ಗಂಟೆಯಲ್ಲಿ
ಅದನ್ನು ಖಾಲಿ ಮಾಡುತ್ತದೆ.
ಎರಡನ್ನೂ ತೆರೆದರೆ ತುಂಬಲು ಎಷ್ಟು ಹೊತ್ತು?
ಆರನೆಯ ಒಂದರಲ್ಲಿ ಒಂಬತ್ತನೆಯ ಒಂದು ಕಳೆ,
ಎಂದು ನಾನು ಶುರುಮಾಡಿದೆ.
‘ಎಮೀ, ಎರಡನ್ನೂ ತೆರೆದವರು ಯಾರು?’

ಲೆಕ್ಕಕ್ಕೆ, ಮಗಾ, ಸುಮ್ಮನೆ ಲೆಕ್ಕಕ್ಕೆ.
‘ತಳದ್ದನ್ನು ಮುಚ್ಚಲು ಆ ಮನೆಯಲ್ಲಿ
ಯಾರೂ ಇರಲಿಲ್ಲವಾ?’
ಸಾಲು ಪೂರಾ ನಕ್ಕಿತು,
ಪುರೇವನಂತೂ ಕೆಮ್ಮುವಷ್ಟು.
ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ.
ಹದಿನೆಂಟು ಗಂಟೆ ಹರಿಯುತ್ತಲೇ ಇರುವ ನೀರನ್ನು
ನಾನು ಹಾಳೆಯ ಮೇಲೆ ಹೇಗೆ ಅಷ್ಟು ಸಲೀಸಾಗಿ
ಹರಿಯಬಿಟ್ಟೆನೋ,
ಹನಿ ಚೆಲ್ಲಿದರೆ ಬಾಯಿಗೆ ಬಂದಂತೆ ಬಯ್ಯುವವಳು.
ಹದಿನೆಂಟು ಅಂತ ಬರೆ, ಎಂದೆ.
ಬರೆದಳು.
ಅದರ ಕೆಳಗೆ, ಇರುವೆಯಷ್ಟು ಸಣ್ಣಗೆ:
‘ತಳದ್ದು ಮುಚ್ಚಿದರೆ ಆರೇ.’

ಇವತ್ತು ಪುಸ್ತಕ ತಿದ್ದಿ ಬಂದಿದೆ.
ಹದಿನೆಂಟಕ್ಕೆ ಸರಿ ಗುರುತು.
ಸಣ್ಣ ಸಾಲಿನ ಪಕ್ಕ, ಕೆಂಪು ಮಸಿಯಲ್ಲಿ,
ಒಂದು ಪ್ರಶ್ನೆಯ ಕೊಕ್ಕೆ, ಅಷ್ಟೆ.
‘ಇದು ತಪ್ಪು ಅಂತಲಾ ಎಮೀ,
ಅಥವಾ ಟೀಚರಿಗೂ ಗೊತ್ತಿಲ್ಲ ಅಂತಲಾ?’

‘ನೀರು ಬಿಡವ್ವಾ, ಕಾಲು ಮರಗಟ್ಟಿತು!’
ಹಿಂದಿನಿಂದ ಯಾರೋ.
ಬಿಟ್ಟೆ. ನಲವತ್ತು ಲೀಟರು,
ಅವಳಿಗಿಂತ ನಾಲ್ಕೈದು ಕಿಲೋ ಹೆಚ್ಚೇ ಭಾರ.
ಗಾಡಿ ಬೇಲಿಯ ಮೂಲೆ ತಿರುಗುವವರೆಗೂ
ಚಕ್ರ ಕಿರುಗುಟ್ಟುವುದು ಕೇಳುತ್ತಿತ್ತು.
ಪೆನ್ಸಿಲು ಇಲ್ಲೇ ಬಿಟ್ಟು ಹೋಗಿದ್ದಾಳೆ,
ಹೀಟರಿನ ಮೇಲೆ.
ನಾಳೆ ಭೂಗೋಳವಂತೆ.
ನದಿಗಳು.