ಅರ್ಧ ಚೀಲ ಸುಣ್ಣ

ಬಾಲ್ದೆಸೆರ್ರ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬೇಕೆಂದರೆ
ಒನೊರಿನಾಳ ಅಡುಗೆಮನೆಗೇ ಹೋಗಬೇಕು.
ಮೂವತ್ತೈದು ವರ್ಷ ತಂಡದ ಅಂಗಿ ಒಗೆದವಳು.
ಬಿಳಿ ಅಂಗಿ! ಕಲ್ಲಿದ್ದಲಿನ ಊರಲ್ಲಿ!
ಆ ಬಣ್ಣ ಆರಿಸಿದವನನ್ನು ಇಂದಿಗೂ ಬೈಯುತ್ತಾಳೆ.

ಬಿಸ್ಕತ್ತಿನ ಡಬ್ಬಿಯೊಳಗೆ ಲೆಕ್ಕದ ಪುಸ್ತಕ.
ಇಪ್ಪತ್ತೊಂಬತ್ತನೇ ಇಸವಿ, ಮೊದಲ ಸಾಲು:
ಚೆಂಡು ಒಂದು, ಸಾಲ ಎರಡು ಕಡೆ.
ಮೂವತ್ತಾರರ ಜುಲೈಗೆ
ವಾಕ್ಯ ಅರ್ಧಕ್ಕೇ ನಿಂತಿದೆ.
ನಲವತ್ತೊಂದರಲ್ಲಿ ಬೇರೆ ಕೈಬರಹ,
ಹನ್ನೊಂದು ಹೆಸರಲ್ಲಿ ಏಳು ಹೊಸವು.
ಹಳಬರೆಲ್ಲಿ ಎಂದು ಪುಸ್ತಕ ಕೇಳುವುದಿಲ್ಲ;
ಅವಳೂ ಆ ಹಾಳೆ ಬೇಗ ಮಗುಚುತ್ತಾಳೆ.

ಒಮ್ಮೆ, ಒಂದೇ ಒಮ್ಮೆ, ಮೂರನೇ ದರ್ಜೆಗೆ ಏರಿದ್ದು:
ಎಲಾದಿಯೋ ರಾತ್ರಿ ಪಾಳಿ ಮುಗಿಸಿ
ಮುಖ ತೊಳೆಯದೆ ಬಂದು
ತಲೆಯಲ್ಲಿ ಹೊಡೆದ ಗೋಲು.
ಚೆಂಡಿಗೆ ಅವನ ಹಣೆಯ ಮಸಿ ಹತ್ತಿತ್ತಂತೆ.
ಮರುವರ್ಷವೇ ಇಳಿದರು.

ಆಮೇಲೆ ಗಣಿ ಮುಚ್ಚಿತು.
ಅಂಗಿಗಳು ಮೊದಲ ಸಲ ನಿಜಕ್ಕೂ ಬೆಳ್ಳಗಾದವು,
ತೊಡುವವರು ಒಂಬತ್ತು ಜನ, ಆಮೇಲೆ ಆರು.

ಕೊನೆಯ ಪುಟದಲ್ಲಿ ಅವಳದೇ ಅಕ್ಷರ:
ಗೆರೆ ಎಳೆಯಲು ಸುಣ್ಣ, ಅರ್ಧ ಚೀಲ.
"ಆಟ ನಡೆಯಲೇ ಇಲ್ಲ,
ಕೋಳಿಗೂಡಿಗೆ ಬಳಿದೆ," ಅನ್ನುತ್ತಾಳೆ.
"ಹನ್ನೊಂದಿವೆ. ಬೇಕಾದರೆ ಬಂದು ಎಣಿಸಿ."